ಕ್ರಿಸ್‌ಮಸ್‌ಗೆ ಸ್ಟಾಕ್ ಇಲ್ಲ, ಗಿರಾಕಿ ಹೋದದ್ದೆಲ್ಲಿಗೆ?

2006ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳ ಪೈಕಿ ಅತಿ ಹೆಚ್ಚು ಮಾರಾಟವಾದದ್ದು ಯಾವುದು? ಆ ಚಳಿಗಾಲದ ಸುದ್ದಿಯಲ್ಲೆಲ್ಲ ಓಡಾಡುತ್ತಿದ್ದದ್ದು ಎರಡೇ ಹೆಸರು. ಒಂದು ಸೋನಿಯ ಪ್ಲೇಸ್ಟೇಷನ್ 3, ಇನ್ನೊಂದು ನಿಂಟೆಂಡೊದ ವೀ. ನವೆಂಬರ್ 17ಕ್ಕೆ ಮೊದಲನೆಯದು, 19ಕ್ಕೆ ಎರಡನೆಯದು ಅಲ್ಲಿನ ಅಂಗಡಿಗೆ ಬಂದಿದ್ದವು. ಜನ ಕೊರೆಯುವ ಚಳಿಯಲ್ಲಿ ರಾತ್ರಿಯಿಡೀ ಸಾಲು ನಿಂತಿದ್ದರು. ಆದರೆ ಮಾರುಕಟ್ಟೆ ಸಂಶೋಧನೆ ನಡೆಸುವ ಎನ್‌ಪಿಡಿ ಸಂಸ್ಥೆ ಜನವರಿಯಲ್ಲಿ ಲೆಕ್ಕ ಕೊಟ್ಟಾಗ ಪಟ್ಟಿಯ ತುದಿಯಲ್ಲಿ ಇವೆರಡೂ ಇರಲಿಲ್ಲ. ಅಲ್ಲಿದ್ದದ್ದು ಆರು ವರ್ಷ ಹಳೆಯ ಪ್ಲೇಸ್ಟೇಷನ್ 2. ಆ ಒಂದೇ ತಿಂಗಳಲ್ಲಿ ಸುಮಾರು 14 ಲಕ್ಷ ಮಾರಾಟವಾಗಿತ್ತು. ಎರಡನೆಯ ಸ್ಥಾನದಲ್ಲಿ 11 ಲಕ್ಷದೊಂದಿಗೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360. ಊರೆಲ್ಲ ಹುಡುಕುತ್ತಿದ್ದ ವೀ 6 ಲಕ್ಷ, ಪ್ಲೇಸ್ಟೇಷನ್ 3 ಸುಮಾರು 4.9 ಲಕ್ಷ.

ಈ ಪಟ್ಟಿಯನ್ನು ಜನರ ಇಷ್ಟಾನಿಷ್ಟದ ಅಳತೆ ಎಂದು ಓದಿದರೆ ತಪ್ಪಾಗುತ್ತದೆ. ಸ್ಟಾಕ್ ಕಡಿಮೆ ಇದ್ದಾಗ ಮಾರಾಟದ ಅಂಕಿ ಹೇಳುವುದು ಎಷ್ಟು ಜನಕ್ಕೆ ಬೇಕಿತ್ತು ಎಂಬುದನ್ನಲ್ಲ, ಕಾರ್ಖಾನೆಯಿಂದ ಎಷ್ಟು ಪೆಟ್ಟಿಗೆ ಬಂತು ಎಂಬುದನ್ನು. ಆ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 1.97 ಲಕ್ಷ ಪ್ಲೇಸ್ಟೇಷನ್ 3 ಮಾರಾಟವಾದವು. ಬೇಕೆಂದವರು ಅಷ್ಟೇ ಮಂದಿ ಎಂದು ಅದರ ಅರ್ಥವಲ್ಲ. ಕನ್ಸೋಲ್ ವ್ಯಾಪಾರದಲ್ಲಿ ಇಷ್ಟು ಸರಳ ಸಂಗತಿ ಪ್ರತಿ ಹಬ್ಬದ ಋತುವಿನಲ್ಲೂ ಮರೆತುಹೋಗುತ್ತದೆ. ಒಬ್ಬರ ಸ್ಟಾಕ್ ಮುಗಿದರೆ ಎದುರಾಳಿಗೆ ಲಾಭ ಎಂಬ ಮಾತು ಆ ಮರೆವಿನಿಂದಲೇ ಹುಟ್ಟುವುದು. ಕಳೆದ ಕಾಲು ಶತಮಾನದ ಲೆಕ್ಕ ತೆಗೆದು ನೋಡಿದರೆ ಆ ಮಾತು ಬಹಳ ಸಲ ಸುಳ್ಳಾಗಿದೆ.

ಮೊದಲು ಕೊರತೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಪ್ಲೇಸ್ಟೇಷನ್ 3ರ ಹೊಟ್ಟೆಯಲ್ಲಿ ಬ್ಲೂ-ರೇ ಡಿಸ್ಕ್ ಓದುವ ಸಾಧನವಿತ್ತು. ಡಿಸ್ಕ್ ಓದುವ ನೀಲಿ-ನೇರಳೆ ಬೆಳಕು ಬರುವುದು ಒಂದು ಪುಟ್ಟ ಲೇಸರ್ ಡಯೋಡ್‌ನಿಂದ. ಗ್ಯಾಲಿಯಂ ನೈಟ್ರೈಡ್‌ನ ಆ ತುಣುಕನ್ನು ಲಕ್ಷಗಟ್ಟಲೆ ತಯಾರಿಸುವುದು ಆಗಿನ್ನೂ ಪಳಗಿದ ಕೆಲಸವಾಗಿರಲಿಲ್ಲ. ಯಂತ್ರದ ಉಳಿದೆಲ್ಲ ಭಾಗ ಸಿದ್ಧವಿದ್ದರೂ ಈ ಡಯೋಡ್ ಇಲ್ಲದೆ ಪೆಟ್ಟಿಗೆ ಮುಚ್ಚುವಂತಿಲ್ಲ. 2006ರ ಸೆಪ್ಟೆಂಬರ್‌ನಲ್ಲಿ, ಬಿಡುಗಡೆಗೆ ಎರಡೇ ತಿಂಗಳಿರುವಾಗ, ಸೋನಿಯ ಕನ್ಸೋಲ್ ವಿಭಾಗದ ಮುಖ್ಯಸ್ಥ ಕೆನ್ ಕುಟರಾಗಿ ಕೆಟ್ಟ ಸುದ್ದಿ ಹೇಳಬೇಕಾಯಿತು. ಮೊದಲ ಕಂತಿನಲ್ಲಿ ಅಮೆರಿಕಕ್ಕೆ 4 ಲಕ್ಷ, ಜಪಾನಿಗೆ 1 ಲಕ್ಷ ಮಾತ್ರ. ಯುರೋಪಿಗೆ ಆ ಕ್ರಿಸ್‌ಮಸ್‌ಗೆ ಒಂದೂ ಇಲ್ಲ. ಅಲ್ಲಿನವರಿಗೆ ಯಂತ್ರ ಸಿಕ್ಕಿದ್ದು 2007ರ ಮಾರ್ಚ್ 23ರಂದು.

ಈಗ ಗಿರಾಕಿಯ ಕಡೆಯಿಂದ ನೋಡಿ. ಅಂಗಡಿಯಲ್ಲಿ ಸ್ಟಾಕ್ ಇಲ್ಲ ಎಂದಾಗ ಅವನೆದುರು ಮೂರು ದಾರಿಗಳಿವೆ. ಕಾಯಬಹುದು, ಕಾಳಸಂತೆಯಲ್ಲಿ ಹೆಚ್ಚು ಕೊಟ್ಟು ಕೊಳ್ಳಬಹುದು, ಇಲ್ಲವೇ ಬೇರೆ ಕಂಪನಿಯ ಯಂತ್ರ ತಗೊಳ್ಳಬಹುದು. ಯಾರು ಯಾವ ದಾರಿ ಹಿಡಿಯುತ್ತಾರೆ ಎಂಬುದು ಯಾರಿಗಾಗಿ ಕೊಳ್ಳುತ್ತಿದ್ದಾರೆ ಎನ್ನುವುದರ ಮೇಲೆ ನಿಂತಿದೆ. ತನಗಾಗಿ ಕೊಳ್ಳುವವನಿಗೆ ತಾನು ಆಡಬೇಕಾದ ಗೇಮ್ ಯಾವುದು, ಗೆಳೆಯರು ಯಾವ ಯಂತ್ರದಲ್ಲಿ ಆಡುತ್ತಾರೆ ಎಂಬುದೆಲ್ಲ ಗೊತ್ತು. ಅವನು ಮಾರ್ಚ್‌ವರೆಗೂ ಕಾಯುತ್ತಾನೆ. ಉಡುಗೊರೆಗೆಂದು ಕೊಳ್ಳುವ ತಂದೆ ತಾಯಿ, ಅಜ್ಜ ಅಜ್ಜಿಯರ ಪಾಡು ಬೇರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಕೊಳ್ಳಲು ನಿಂತವರು ಎರಡು ದಿನ ಬಿಟ್ಟು ಬೆಲೆ ಇಳಿದಾಗ ಬರೋಣ ಎನ್ನಲಾದೀತೇ? ಹಾಗೆಯೇ ಡಿಸೆಂಬರ್ 25ರ ಬೆಳಿಗ್ಗೆ ಕ್ರಿಸ್‌ಮಸ್ ಮರದ ಕೆಳಗೆ ಏನಾದರೂ ಇರಲೇಬೇಕು. ಎದುರಾಳಿಗೆ ಹೋಗುವ ಗಿರಾಕಿಗಳು ಹೆಚ್ಚಾಗಿ ಇವರೇ.

2006ರ ಡಿಸೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಸಿಕ್ಕ 11 ಲಕ್ಷ ಗಿರಾಕಿಗಳಲ್ಲಿ ಇಂಥವರು ಖಂಡಿತ ಇದ್ದರು. ಅದು ಒಂದು ವರ್ಷ ಮೊದಲೇ ಬಂದ ಯಂತ್ರ, ಕಪಾಟಿನಲ್ಲಿ ಸ್ಟಾಕ್ ಇತ್ತು, ಆಡಲು ಸಾಕಷ್ಟು ಗೇಮ್‌ಗಳೂ ಇದ್ದವು. ಇನ್ನೂ ದೊಡ್ಡ ಪಾಲು ಹೋದದ್ದು ಸೋನಿಯ ಹಳೆಯ ಯಂತ್ರಕ್ಕೆ. ಹೊಸದರ ಅಗ್ಗದ ಆವೃತ್ತಿಗೆ 499 ಡಾಲರ್, ದುಬಾರಿಯದಕ್ಕೆ 599 ಡಾಲರ್. ಅದು ಸಿಗಲೂ ಇಲ್ಲ, ಸಿಕ್ಕರೂ ಕೈಗೆಟುಕುವಂತಿರಲಿಲ್ಲ ಎಂದುಕೊಂಡ ಮನೆಗೆ ಹಳೆಯದೇ ಹೋಯಿತು. ಅಂದರೆ ಕೊರತೆಯಾದ ಕಂಪನಿಯೇ ತನ್ನ ಗಿರಾಕಿಯ ಒಂದು ಪಾಲನ್ನು ಉಳಿಸಿಕೊಂಡಿತು. ಕೊರತೆಯ ವರದಿಗಳಲ್ಲಿ ಈ ಸಂಗತಿ ಬರುವುದೇ ಅಪರೂಪ.

ನಿಜವಾದ ಪರೀಕ್ಷೆ ನಡೆದದ್ದು ಹಬ್ಬ ಮುಗಿದ ಮೇಲೆ. ಹೊಸ ವರ್ಷದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಪ್ಲೇಸ್ಟೇಷನ್ 3 ಸಲೀಸಾಗಿ ಸಿಗತೊಡಗಿತು. ಕೊರತೆಯೊಂದೇ ಅಡ್ಡಿಯಾಗಿದ್ದರೆ ಈಗ ಮಾರಾಟ ಏರಬೇಕಿತ್ತು. ಆದದ್ದು ಬೇರೆ. ಜನವರಿಯಲ್ಲಿ 2.44 ಲಕ್ಷ, ಫೆಬ್ರವರಿಯಲ್ಲಿ 1.27 ಲಕ್ಷ, ಏಪ್ರಿಲ್ ಹೊತ್ತಿಗೆ 82 ಸಾವಿರ. ಅದೇ ಏಪ್ರಿಲ್‌ನಲ್ಲಿ ವೀ 3.6 ಲಕ್ಷ ಮಾರಾಟವಾಯಿತು, ಅದೂ ಬಂದ ಪೆಟ್ಟಿಗೆ ಬಂದಂತೆ ಖಾಲಿಯಾಗುತ್ತ. ಡಿಸೆಂಬರ್‌ನ ಖಾಲಿ ಕಪಾಟು ಎರಡೂ ಯಂತ್ರಗಳಿಗೆ ಒಂದೇ ಬಗೆಯ ಜನಪ್ರಿಯತೆಯ ಮೆರುಗು ಕೊಟ್ಟಿತ್ತು. ಒಂದರ ಹಿಂದೆ ನಿಜವಾದ ಬೇಡಿಕೆಯಿತ್ತು, ಇನ್ನೊಂದರ ಹಿಂದೆ ಕೆಲವು ಲಕ್ಷ ಅಭಿಮಾನಿಗಳೂ ಮರುಮಾರಾಟದ ದಲ್ಲಾಳಿಗಳೂ ಇದ್ದರು. 599 ಡಾಲರ್ ಎಂಬ ಬೆಲೆ ಜನಸಾಮಾನ್ಯರಿಗೆ ಒಗ್ಗಲಿಲ್ಲ ಎಂಬ ಕಹಿ ಸತ್ಯವನ್ನು ಎರಡು ತಿಂಗಳ ಕಾಲ ಮುಚ್ಚಿಟ್ಟದ್ದು ಲೇಸರ್ ಡಯೋಡ್‌ನ ಕೊರತೆ.

ವೀ ಕಥೆ ಇನ್ನೂ ಕುತೂಹಲದ್ದು, ಯಾಕೆಂದರೆ ಅದರ ಕೊರತೆ ಒಂದು ಕ್ರಿಸ್‌ಮಸ್‌ಗೆ ಮುಗಿಯಲಿಲ್ಲ. 249.99 ಡಾಲರ್‌ನ ಈ ಪುಟ್ಟ ಬಿಳಿ ಪೆಟ್ಟಿಗೆ 2007ರ ಕ್ರಿಸ್‌ಮಸ್‌ಗೂ ಸಿಗಲಿಲ್ಲ. ನಿಂಟೆಂಡೊ ಬೇಕೆಂದೇ ಕೊರತೆ ಸೃಷ್ಟಿಸುತ್ತಿದೆ ಎಂಬ ಆರೋಪ ಜೋರಾಗಿತ್ತು. ನನಗೆ ಆ ಆರೋಪ ಒಪ್ಪಿಗೆಯಾಗುವುದಿಲ್ಲ. ಆ ಡಿಸೆಂಬರ್‌ನಲ್ಲಿ ಒಬ್ಬ ಮಾರುಕಟ್ಟೆ ವಿಶ್ಲೇಷಕರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಕೊಟ್ಟ ಅಂದಾಜಿನ ಪ್ರಕಾರ ಕಂಪನಿ ಕೈಬಿಡುತ್ತಿದ್ದ ಆದಾಯ 130 ಕೋಟಿ ಡಾಲರ್. ಪ್ರಚಾರಕ್ಕಾಗಿ ಯಾರೂ ಅಷ್ಟು ಹಣ ನೀರಿಗೆ ಹಾಕುವುದಿಲ್ಲ. ಕೊರತೆಯ ಬೇರು ಹಿಂದಿನ ಪೆಟ್ಟಿನಲ್ಲಿತ್ತು. ನಿಂಟೆಂಡೊದ ಹಿಂದಿನ ಯಂತ್ರ ಗೇಮ್‌ಕ್ಯೂಬ್ ತನ್ನ ಆಯುಷ್ಯದಲ್ಲೆಲ್ಲ ಮಾರಾಟವಾದದ್ದು 2.17 ಕೋಟಿ. ದಾಸ್ತಾನು ಕರಗದೆ 2003ರಲ್ಲಿ ಅದರ ತಯಾರಿಕೆಯನ್ನೇ ತಿಂಗಳುಗಟ್ಟಲೆ ನಿಲ್ಲಿಸಬೇಕಾಗಿ ಬಂದಿತ್ತು. ಹಾಗೆ ಸುಟ್ಟುಕೊಂಡ ಕಂಪನಿ ಬಿಡಿಭಾಗಗಳಿಗೆ ತಿಂಗಳುಗಳ ಮೊದಲೇ ಆರ್ಡರ್ ಕೊಡುವಾಗ ಕೈ ಬಿಗಿ ಹಿಡಿದದ್ದು ಸಹಜ. ತಿಂಗಳಿಗೆ 18 ಲಕ್ಷ ಯಂತ್ರ ತಯಾರಿಸುವ ಮಟ್ಟಕ್ಕೆ ಅದು ಏರಿದ ಮೇಲೂ ಬೇಡಿಕೆ ಮುಂದೆಯೇ ಓಡುತ್ತಿತ್ತು.

2007ರಲ್ಲಿ ನಿಂಟೆಂಡೊ ಮಾಡಿದ ಒಂದು ಕೆಲಸ ನೆನಪಿಡುವಂಥದ್ದು. ಕ್ರಿಸ್‌ಮಸ್‌ಗೆ ನಾಲ್ಕೈದು ದಿನ ಇರುವಾಗ, ಡಿಸೆಂಬರ್ 20 ಮತ್ತು 21ರಂದು, ಗೇಮ್‌ಸ್ಟಾಪ್ ಅಂಗಡಿಗಳಲ್ಲಿ ಮುಂಗಡ ಚೀಟಿ ಮಾರಿತು. ಪೂರ್ತಿ ಬೆಲೆ ಕೊಟ್ಟವರಿಗೆ ಒಂದು ಚೀಟಿ, ಜನವರಿ 29ರೊಳಗೆ ಯಂತ್ರ ಕೊಡುವ ಭರವಸೆ. ಮಗುವಿನ ಕೈಗೆ ಕ್ರಿಸ್‌ಮಸ್ ಬೆಳಿಗ್ಗೆ ಸಿಗುವುದು ಚೀಟಿ ಮಾತ್ರ, ಆದರೂ ಅದರ ಮೇಲೊಂದು ತಾರೀಖು ಇರುತ್ತದೆ. ಗಡುವಿಗೆ ಸಿಕ್ಕಿಬಿದ್ದ ಗಿರಾಕಿಯನ್ನು ಕಾಯುವ ಗಿರಾಕಿಯನ್ನಾಗಿ ಬದಲಿಸುವ ಉಪಾಯ ಇದು. ಆತನನ್ನು ಎದುರಾಳಿಯ ಕಪಾಟಿಗೂ ಬಿಡಲಿಲ್ಲ, ದಲ್ಲಾಳಿಯ ಕೈಗೂ ಕೊಡಲಿಲ್ಲ. ಕೊರತೆ ಬಂದಾಗ ಕಂಪನಿಯೊಂದು ಗಿರಾಕಿಗೆ ತೋರಿಸಬಹುದಾದ ಕನಿಷ್ಠ ಮರ್ಯಾದೆ ಅದು ಎಂದು ನಾನು ನಂಬುತ್ತೇನೆ.

ಹಾಗಾದರೆ ವೀ ಸಿಗದವರೆಲ್ಲ ಎಕ್ಸ್‌ಬಾಕ್ಸ್ ಕೊಂಡರೇ? ಇದನ್ನು ತಾಳೆ ನೋಡಲು ಎರಡು ಡಿಸೆಂಬರ್‌ಗಳ ಲೆಕ್ಕ ಪಕ್ಕಪಕ್ಕ ಇಟ್ಟರೆ ಸಾಕು. ಕೊರತೆಯಿದ್ದ 2007ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ವೀ 13.5 ಲಕ್ಷ, ಎಕ್ಸ್‌ಬಾಕ್ಸ್ 360 12.6 ಲಕ್ಷ, ಪ್ಲೇಸ್ಟೇಷನ್ 3 ಸುಮಾರು 8 ಲಕ್ಷ. ಮರುವರ್ಷ ನಿಂಟೆಂಡೊ ಅಂಗಡಿಗಳಿಗೆ ಬಹಳ ಹೆಚ್ಚು ಸ್ಟಾಕ್ ಇಳಿಸಿತು. 2008ರ ಡಿಸೆಂಬರ್‌ನಲ್ಲಿ ವೀ 21.5 ಲಕ್ಷಕ್ಕೆ ಜಿಗಿಯಿತು. ಹಿಂದಿನ ವರ್ಷ ಅದರ ಗಿರಾಕಿಗಳು ದೊಡ್ಡ ಸಂಖ್ಯೆಯಲ್ಲಿ ಎಕ್ಸ್‌ಬಾಕ್ಸ್‌ಗೆ ಹೋಗಿದ್ದರೆ ಈಗ ಎಕ್ಸ್‌ಬಾಕ್ಸ್ ಕುಸಿಯಬೇಕಿತ್ತು. ಅದು ಕುಸಿಯಲಿಲ್ಲ, 14.4 ಲಕ್ಷಕ್ಕೆ ಏರಿತು. ಇಳಿದದ್ದು 7.26 ಲಕ್ಷಕ್ಕೆ ಬಂದ ಪ್ಲೇಸ್ಟೇಷನ್ 3. ಆ ಶರತ್ಕಾಲದಲ್ಲಿ ಮೈಕ್ರೋಸಾಫ್ಟ್ ತನ್ನ ಅಗ್ಗದ ಮಾದರಿಯನ್ನು 199 ಡಾಲರ್‌ಗೆ ಇಳಿಸಿತ್ತು, ಸೋನಿ 399ರಲ್ಲೇ ನಿಂತಿತ್ತು, ಅಮೆರಿಕ ಆರ್ಥಿಕ ಹಿಂಜರಿತದಲ್ಲಿ ಸಿಕ್ಕಿತ್ತು. ಎದುರಾಳಿಗಳ ಏರಿಳಿತಕ್ಕೆ ಕಾರಣ ವೀ ಸ್ಟಾಕ್‌ಗಿಂತ ಹೆಚ್ಚಾಗಿ ಅವರದೇ ಬೆಲೆಪಟ್ಟಿಯಲ್ಲಿತ್ತು. ವೀ ಬೇಕೆಂದವರು ಟಿವಿ ಮುಂದೆ ನಿಂತು ಕೈ ಬೀಸಿ ಟೆನಿಸ್ ಆಡಲು ಬಯಸಿದ ಮನೆಯವರು. ಹಾಲೊ 3ರಂಥ ಗುಂಡಿನ ಕಾಳಗದ ಗೇಮ್ ಆಡಲು ಕೊಂಡ ಎಕ್ಸ್‌ಬಾಕ್ಸ್ ಅವರಿಗೆ ಬದಲಿ ಆಗಲಾರದು. ಎರಡೂ ಒಂದೇ ಕಪಾಟಿನಲ್ಲಿ ಕೂತಿದ್ದರೂ ಅವು ಬೇರೆ ಬೇರೆ ಸರಕು.

ಎದುರಾಳಿಯ ಕೊರತೆಯನ್ನು ನಂಬಿ ಕೆಟ್ಟವರ ಕಥೆ ಇದಕ್ಕೂ ಹಿಂದಿನದು. ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ 1999ರ ಸೆಪ್ಟೆಂಬರ್ 9ರಂದು ಅಮೆರಿಕಕ್ಕೆ ಬಂದಿತ್ತು. ಒಳ್ಳೆಯ ಯಂತ್ರ. ಇಂಟರ್ನೆಟ್‌ಗೆ ಜೋಡಿಸಲು ಮೋಡೆಮ್ ಕೂಡ ಅದರೊಳಗೇ ಇತ್ತು. 2000ದ ಅಕ್ಟೋಬರ್ 26ಕ್ಕೆ ಪ್ಲೇಸ್ಟೇಷನ್ 2 ಅಲ್ಲಿಗೆ ಬರುವುದಿತ್ತು. ಮೊದಲ ದಿನಕ್ಕೆ 10 ಲಕ್ಷ ಯಂತ್ರ ಎಂದು ಹೇಳಿದ್ದ ಸೋನಿ ಬಿಡಿಭಾಗಗಳ ಕೊರತೆಯಿಂದ ಅದನ್ನು 5 ಲಕ್ಷಕ್ಕೆ ಇಳಿಸಿತು. ಸೆಗಾದ ಪಾಲಿಗೆ ಇದಕ್ಕಿಂತ ದೊಡ್ಡ ಅವಕಾಶ ಇರಲಾರದು. ಎದುರಾಳಿಯ ಕಪಾಟು ಖಾಲಿ, ತನ್ನ ಕಪಾಟು ಭರ್ತಿ. ಬೆಲೆಯನ್ನೂ ಆಗಸ್ಟ್ ಕೊನೆಗೇ 199ರಿಂದ 149 ಡಾಲರ್‌ಗೆ ಇಳಿಸಿಯಾಗಿತ್ತು, ಅಂದರೆ 299 ಡಾಲರ್‌ನ ಪ್ಲೇಸ್ಟೇಷನ್ 2ರ ಅರ್ಧ.

ಆದರೂ ಜನ ಬರಲಿಲ್ಲ. ಬಹುಪಾಲು ಮಂದಿ ಕಾದರು. ಪ್ಲೇಸ್ಟೇಷನ್ 2ರಲ್ಲಿ ಡಿವಿಡಿ ಸಿನಿಮಾ ನೋಡಬಹುದಿತ್ತು, ಮನೆಯಲ್ಲಿದ್ದ ಹಳೆಯ ಪ್ಲೇಸ್ಟೇಷನ್ ಗೇಮ್‌ಗಳೂ ಅದರಲ್ಲಿ ಓಡುತ್ತಿದ್ದವು. ಅಮೆರಿಕದ ಕ್ರೀಡಾಪ್ರೇಮಿಗಳಿಗೆ ಬೇಕಾದ ಗೇಮ್‌ಗಳನ್ನು ಮಾಡುವ ಎಲೆಕ್ಟ್ರಾನಿಕ್ ಆರ್ಟ್ಸ್ ಡ್ರೀಮ್‌ಕಾಸ್ಟ್ ಕಡೆ ತಿರುಗಿಯೂ ನೋಡಿರಲಿಲ್ಲ. ಹಿಂದಿನ ಯಂತ್ರಗಳನ್ನು ಸೆಗಾ ನಡುದಾರಿಯಲ್ಲಿ ಕೈಬಿಟ್ಟ ನೆನಪು ಗಿರಾಕಿಗಳಲ್ಲಿ ಹಸಿಯಾಗಿತ್ತು. ಇಂದು ಕೊಂಡ ಯಂತ್ರಕ್ಕೆ ನಾಡಿದ್ದು ಗೇಮ್ ಬರುತ್ತದೋ ಇಲ್ಲವೋ ಎಂಬ ಅನುಮಾನ ಇರುವಾಗ 149 ಡಾಲರ್ ಕೂಡ ದುಬಾರಿಯೇ. ಸಿಗದ ಯಂತ್ರದ ಮೇಲಿನ ಭರವಸೆ ಎದುರಿಗಿರುವ ಯಂತ್ರದ ಅಗ್ಗದ ಬೆಲೆಯನ್ನು ಸೋಲಿಸಿತು. ಆ ಕ್ರಿಸ್‌ಮಸ್ ಕಳೆದು ಒಂದು ತಿಂಗಳು ದಾಟುವಷ್ಟರಲ್ಲಿ, 2001ರ ಜನವರಿ 31ರಂದು, ಡ್ರೀಮ್‌ಕಾಸ್ಟ್ ತಯಾರಿಕೆ ನಿಲ್ಲಿಸುವುದಾಗಿ ಸೆಗಾ ಘೋಷಿಸಿತು. ಜಗತ್ತಿನಾದ್ಯಂತ ಅದು ಮಾರಾಟವಾದದ್ದು 91 ಲಕ್ಷದಷ್ಟು. ಕೊರತೆಯೊಂದಿಗೇ ಹುಟ್ಟಿದ ಪ್ಲೇಸ್ಟೇಷನ್ 2 ಕೊನೆಗೆ 15 ಕೋಟಿ ದಾಟಿತು.

ಎಲ್ಲ ಕಡೆ ಒಟ್ಟಿಗೇ ಮಾರುವ ಆತುರವೂ ದುಬಾರಿಯಾಗಬಹುದು. 2005ರ ನವೆಂಬರ್ 22ರಂದು ಬಂದ ಎಕ್ಸ್‌ಬಾಕ್ಸ್ 360ಯನ್ನು ಮೈಕ್ರೋಸಾಫ್ಟ್ ಮೂರು ವಾರಗಳೊಳಗೆ ಅಮೆರಿಕ, ಯುರೋಪ್, ಜಪಾನ್ ಮೂರೂ ಕಡೆ ಬಿಡುಗಡೆ ಮಾಡಿತು. ಅಮೆರಿಕದ ಅಂಗಡಿಗಳಲ್ಲಿ ಗಿರಾಕಿಗಳು ಬರಿಗೈಲಿ ಹಿಂದಿರುಗುತ್ತಿದ್ದಾಗ ಜಪಾನಿನಲ್ಲಿ ಬಿಡುಗಡೆಯ ಸ್ಟಾಕಿನ ದೊಡ್ಡ ಪಾಲು ಮಾರಾಟವಾಗದೆ ಉಳಿದಿತ್ತು. ಯಂತ್ರಗಳು ಬಿಸಿಯಾಗಿ ಕೆಡುತ್ತಿದ್ದದ್ದು ಆಮೇಲೆ ಬಯಲಾಯಿತು. 2007ರ ಜುಲೈನಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಹೆಚ್ಚಿಸಿದ ಕಂಪನಿ ಅದಕ್ಕೆಂದು 100 ಕೋಟಿ ಡಾಲರ್‌ಗೂ ಹೆಚ್ಚು ತೆಗೆದಿರಿಸಬೇಕಾಯಿತು.

ಇನ್ನು ನಮಗೆಲ್ಲ ನೆನಪಿರುವ 2020ರ ಕೊರತೆ. ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳು ಆ ನವೆಂಬರ್‌ನ ಒಂದೇ ವಾರದಲ್ಲಿ ಬಂದವು. ಕೋವಿಡ್ ಕಾಲ, ಮನೆಯಲ್ಲೇ ಕೂತ ಜನ, ಜಗತ್ತಿನಲ್ಲೆಲ್ಲ ಚಿಪ್ ಅಭಾವ. ಈ ಸಲ ಹೊಸದೊಂದು ತೊಡಕಿತ್ತು. ಎರಡೂ ಯಂತ್ರಗಳ ಮುಖ್ಯ ಚಿಪ್ ವಿನ್ಯಾಸ ಎಎಂಡಿ ಕಂಪನಿಯದು, ತಯಾರಿಕೆ ತೈವಾನಿನ ಟಿಎಸ್‌ಎಂಸಿಯದು. ಎದುರಾಳಿಗಳಿಬ್ಬರೂ ಒಂದೇ ಕಾರ್ಖಾನೆಯ ಬಾಗಿಲಲ್ಲಿ ನಿಂತಿರುವಾಗ ಒಬ್ಬರ ಕೊರತೆಯನ್ನು ಇನ್ನೊಬ್ಬರು ಹೇಗೆ ತುಂಬುತ್ತಾರೆ? 2021ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಬ್ಬದ ತ್ರೈಮಾಸಿಕದಲ್ಲಿ ಸೋನಿ ಜಗತ್ತಿಗೆಲ್ಲ ಕಳಿಸಿದ್ದು 39 ಲಕ್ಷ ಯಂತ್ರ, ಹಿಂದಿನ ವರ್ಷದ 45 ಲಕ್ಷಕ್ಕಿಂತ ಕಡಿಮೆ.

ಮೈಕ್ರೋಸಾಫ್ಟ್‌ಗೆ ಒಂದು ಅನುಕೂಲವಿತ್ತು. ಅದರ ಅಗ್ಗದ ಸೀರೀಸ್ ಎಸ್‌ನ ಚಿಪ್ ಸುಮಾರು 197 ಚದರ ಮಿಲಿಮೀಟರ್, ದೊಡ್ಡಣ್ಣ ಸೀರೀಸ್ ಎಕ್ಸ್‌ನದು 360. ಒಂದೇ ಸಿಲಿಕಾನ್ ಬಿಲ್ಲೆಯಿಂದ ಚಿಕ್ಕ ಚಿಪ್ ಹೆಚ್ಚು ಸಿಗುತ್ತದೆ. ಹಾಗಾಗಿ ಬೇರೇನೂ ಸಿಗದ ದಿನಗಳಲ್ಲೂ ಸೀರೀಸ್ ಎಸ್ ಕಣ್ಣಿಗೆ ಬೀಳುತ್ತಿತ್ತು, ಉಡುಗೊರೆಯಾಗಿಯೂ ಹೋಯಿತು. ಅದರಿಂದ ಪಂದ್ಯ ತಿರುಗಿತೇ? ಇಲ್ಲ. ಕನ್ಸೋಲ್ ಮಾರಾಟದಲ್ಲಿ ಸೋನಿ, ನಿಂಟೆಂಡೊ ಇಬ್ಬರ ಹಿಂದೆ ತಾನು ಮೂರನೆಯವನು ಎಂದು 2023ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ನ್ಯಾಯಾಲಯದಲ್ಲೇ ಹೇಳಿಕೊಂಡಿತು. ಇತ್ತ ಸೋನಿ 2023ರ ಜನವರಿಯಲ್ಲಿ 3 ಕೋಟಿ ಪ್ಲೇಸ್ಟೇಷನ್ 5 ಮಾರಾಟವಾದದ್ದನ್ನೂ ಇನ್ನು ಮುಂದೆ ಯಂತ್ರ ಸುಲಭವಾಗಿ ಸಿಗಲಿದೆ ಎಂಬುದನ್ನೂ ಒಟ್ಟಿಗೇ ಪ್ರಕಟಿಸಿತು. ಎರಡು ವರ್ಷ ಕಾಯಿಸಿದರೂ ಗಿರಾಕಿ ಓಡಿಹೋಗಿರಲಿಲ್ಲ. ಈಗಿನ ಕಾಲದಲ್ಲಿ ಕೊಂಡ ಗೇಮ್‌ಗಳಲ್ಲಿ ಹೆಚ್ಚಿನವು ಒಬ್ಬೊಬ್ಬರ ಆನ್‌ಲೈನ್ ಖಾತೆಯಲ್ಲಿ ಕೂತಿರುತ್ತವೆ. ಕಂಪನಿ ಬದಲಿಸಿದರೆ ಆ ಸಂಗ್ರಹವನ್ನೆಲ್ಲ ಬಿಟ್ಟುಹೋಗಬೇಕು, ಜೊತೆಗೆ ಆಡುವ ಗೆಳೆಯರನ್ನೂ ಬಿಡಬೇಕು. ಒಂದು ಹಬ್ಬಕ್ಕಾಗಿ ಯಾರು ಆ ನಷ್ಟ ಕಟ್ಟಿಕೊಳ್ಳುತ್ತಾರೆ?

ಆದ್ದರಿಂದ ಹಬ್ಬದ ಕೊರತೆಯಿಂದ ಖಚಿತವಾಗಿ ಲಾಭ ಮಾಡಿಕೊಳ್ಳುವವನು ಎದುರಾಳಿ ಕಂಪನಿಯಲ್ಲ, ಮರುಮಾರಾಟದ ದಲ್ಲಾಳಿ. ಪ್ಲೇಸ್ಟೇಷನ್ 3 ಬಂದ ವಾರದಲ್ಲಿ ಇಬೇಯಲ್ಲಿ ಅದು 2000 ಡಾಲರ್ ದಾಟಿ ಹರಾಜಾಯಿತು. 2020ರ ಹೊತ್ತಿಗೆ ದಲ್ಲಾಳಿಗಳು ಸಾಲಿನಲ್ಲಿ ನಿಲ್ಲಬೇಕಾಗಿಯೂ ಇರಲಿಲ್ಲ, ಅಂಗಡಿಯ ವೆಬ್‌ಸೈಟಿನಲ್ಲಿ ಸ್ಟಾಕ್ ಬಂದ ಕ್ಷಣವೇ ಬಾಚಿಕೊಳ್ಳುವ ಬಾಟ್ ತಂತ್ರಾಂಶ ಅವರ ಕೈಯಲ್ಲಿತ್ತು. ಈ ಹೆಚ್ಚುವರಿ ಹಣದಲ್ಲಿ ಒಂದು ರೂಪಾಯಿಯೂ ಯಂತ್ರ ಮಾಡಿದವರಿಗೆ ಹೋಗುವುದಿಲ್ಲ, ಗೇಮ್ ಬರೆದವರಿಗೂ ಹೋಗುವುದಿಲ್ಲ. ಮಗುವಿನ ಆಸೆಯನ್ನೂ ಹಬ್ಬದ ಗಡುವನ್ನೂ ಒತ್ತೆಯಿಟ್ಟುಕೊಂಡು ಮಾಡುವ ಸುಲಿಗೆ ಇದು. ನನಗೆ ಇದರ ಬಗ್ಗೆ ಸಿಟ್ಟಿದೆ.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ನಿಂಟೆಂಡೊ ಅಧ್ಯಕ್ಷ ಶುಂಟಾರೊ ಫುರುಕಾವಾ ಬೇಡಿಕೆಗೆ ತಕ್ಕಷ್ಟು ಯಂತ್ರ ತಯಾರಿಸುವುದೇ ದಲ್ಲಾಳಿಗಳಿಗೆ ಸರಿಯಾದ ಉತ್ತರ ಎಂದು ಮೊದಲೇ ಹೇಳಿದ್ದರು. ಆ ಕಂಪನಿಯ ಹೊಸ ಕನ್ಸೋಲ್ ಸ್ವಿಚ್ 2 ಬಂದದ್ದು ಕ್ರಿಸ್‌ಮಸ್‌ಗಲ್ಲ, 2025ರ ಜೂನ್ 5ಕ್ಕೆ. ನಾಲ್ಕು ದಿನಗಳಲ್ಲಿ 35 ಲಕ್ಷ ಮಾರಾಟವಾದವು. ಜಪಾನಿನ ಆನ್‌ಲೈನ್ ಅಂಗಡಿಯಲ್ಲಿ ಲಾಟರಿ ಮೂಲಕ ಹಂಚಿದಾಗ ಹಳೆಯ ಸ್ವಿಚ್‌ನಲ್ಲಿ ಕನಿಷ್ಠ 50 ತಾಸು ಆಡಿದ ದಾಖಲೆ ಕೇಳಿದರು. ಆಡುವವರು ಯಾರು, ಮಾರುವವರು ಯಾರು ಎಂದು ಬೇರ್ಪಡಿಸಲು ಇದಕ್ಕಿಂತ ನೇರ ದಾರಿ ನಾನು ಕಂಡಿಲ್ಲ. ಆ ಲಾಟರಿಗೆ 22 ಲಕ್ಷ ಅರ್ಜಿ ಬಂದವು, ಮೊದಲ ಸುತ್ತಿನಲ್ಲಿ ಎಲ್ಲರಿಗೂ ಸಿಗಲಿಲ್ಲ ನಿಜ. ಆದರೆ ಸೆಪ್ಟೆಂಬರ್ ಕೊನೆಗೆ, ಹಬ್ಬದ ಋತು ಶುರುವಾಗುವ ಮೊದಲೇ, ಜಗತ್ತಿನಲ್ಲಿ 1 ಕೋಟಿಗೂ ಹೆಚ್ಚು ಯಂತ್ರಗಳನ್ನು ಕಂಪನಿ ಅಂಗಡಿಗಳಿಗೆ ಮಾರಿತ್ತು.

ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಗೇಮರ್‌ಗಳಿಗೆ ಈ ಕಥೆ ದೂರದ್ದಲ್ಲ. ಭಾರತಕ್ಕೆ ಪ್ಲೇಸ್ಟೇಷನ್ 5 ಅಧಿಕೃತವಾಗಿ ಬಂದದ್ದು 2021ರ ಫೆಬ್ರವರಿ 2ಕ್ಕೆ, ಬೆಲೆ 49,990 ರೂಪಾಯಿ. ಜನವರಿ 12ರ ಮಧ್ಯಾಹ್ನ ಮುಂಗಡ ಬುಕಿಂಗ್ ತೆರೆದು ನಿಮಿಷಗಳಲ್ಲಿ ಮುಗಿದುಹೋಯಿತು. ಅದೇ ಬೆಲೆಯ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಇಲ್ಲಿಗೆ ಸುಮಾರು ಮೂರು ತಿಂಗಳು ಮೊದಲೇ, ಸರಿಯಾಗಿ ದೀಪಾವಳಿಯ ವಾರದಲ್ಲಿ ಬಂದಿತ್ತು. ನಿಂಟೆಂಡೊ ಕನ್ಸೋಲ್‌ಗಳಿಗಂತೂ ಇಲ್ಲಿ ಅಧಿಕೃತ ಮಾರಾಟವೇ ಇಲ್ಲ, ಸಿಗುವುದೆಲ್ಲ ಹೊರಗಿನಿಂದ ತರಿಸಿದ್ದು. ಅವುಗಳ ಬೆಲೆ ಹಬ್ಬ ಬಂದಂತೆ ಏರುವುದನ್ನು ಕೊಂಡವರೆಲ್ಲ ಬಲ್ಲರು.

ಹಬ್ಬಕ್ಕೆ ಮಗುವಿಗೆ ಕನ್ಸೋಲ್ ಕೊಡಿಸಬೇಕೆಂದಿರುವ ತಂದೆ ತಾಯಂದಿರಲ್ಲಿ ನನ್ನದೊಂದು ಮನವಿ. ಮಗು ಯಾವ ಗೇಮ್ ಆಡಬೇಕೆಂದಿದೆ, ಅದರ ಗೆಳೆಯರ ಮನೆಯಲ್ಲಿ ಯಾವ ಯಂತ್ರವಿದೆ ಎಂದು ಮೊದಲು ಕೇಳಿ. ಬೇಕಾದದ್ದು ಸಿಗದಿದ್ದರೆ ಬೇರೆಯದನ್ನು ಕೊಡಿಸಿ ಐದಾರು ವರ್ಷ ಪಶ್ಚಾತ್ತಾಪ ಪಡುವುದಕ್ಕಿಂತ, ಬುಕಿಂಗ್ ರಸೀದಿಯನ್ನೇ ಅದರ ಕೈಗಿಡಿ. ಕಳೆದ ಪ್ರತಿ ಕೊರತೆಯೂ ಕೊನೆಗೆ ಮುಗಿದಿದೆ. ದಲ್ಲಾಳಿಗೆ ಮಾತ್ರ ಹೆಚ್ಚು ದುಡ್ಡು ಕೊಡಬೇಡಿ. ನಮ್ಮಲ್ಲಿ ಚಿಲ್ಲರೆ ವ್ಯಾಪಾರಿ ಪೆಟ್ಟಿಗೆಯ ಮೇಲೆ ಮುದ್ರಿಸಿದ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ವಸೂಲಿ ಮಾಡುವುದು ಕಾನೂನಿಗೆ ವಿರುದ್ಧ. ಯಾರಾದರೂ ಹಾಗೆ ಕೇಳಿದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಿ.